ಮಧ್ಯಾಹ್ನದ ಎಣ್ಣೆ

ನನಗೆ ಆಗ ಮೂವತ್ತೈದು. ಅದಾಗಿ ಮೂವತ್ತೆಂಟು ವರ್ಷವಾಯಿತು. ಸತ್ತ ಹೆಣ್ಣುಮಗಳಿಗೂ ನನ್ನಷ್ಟೇ ವಯಸ್ಸು ಎಂದು ಆಗ ಯಾರೋ ಹೇಳಿದ್ದರು, ಅದರಿಂದ ನನ್ನ ಲೆಕ್ಕ ತಪ್ಪುವುದಿಲ್ಲ. ನನಗೆ ವರ್ಷ ಕೂಡುತ್ತ ಹೋದವು, ಅವಳಿಗೆ ಕೂಡಲಿಲ್ಲ, ಅಷ್ಟೆ.

ಜಮಖಂಡಿಯಲ್ಲಿ ಮುಧೋಳದ ರಸ್ತೆಗೆ ಹತ್ತಿ ನನ್ನ ಗಂಡನ ಗ್ಯಾರೇಜು ಇತ್ತು. ನಾಲ್ಕು ಕಲ್ಲಿನ ಕಂಬ, ಮೇಲೆ ತಗಡು, ಹಿಂದೆ ನಮ್ಮ ಎರಡು ಕೋಣೆಯ ಮನೆ. ಎಂಜಿನ್ ಕೆಲಸ ಮಾಡುವವರು ಊರಲ್ಲಿ ಐದಾರು ಮಂದಿ ಇದ್ದರು. ನನ್ನ ಗಂಡ ಹೆಚ್ಚಾಗಿ ಮಾಡುತ್ತಿದ್ದದ್ದು ಗಾಡಿಯ ಕುಲುಕಾಟ ತಡೆಯುವ ಶಾಕಪ್ಸರಿನ ಕೆಲಸ. ಈಗಿನ ಗಾಡಿಗಳಲ್ಲಿ ಅದು ಉದ್ದ ಕೊಳವೆಯ ಹಾಗಿರುತ್ತದೆ, ಕೆಟ್ಟರೆ ಬಿಸಾಡಿ ಹೊಸದು ಹಾಕುತ್ತಾರೆ. ಹಳೆಯ ಕಾರುಗಳಲ್ಲಿ ಹಾಗಿರಲಿಲ್ಲ. ತೆಂಗಿನಕಾಯಿಯಷ್ಟು ದಪ್ಪದ ಎರಕದ ಗಡ್ಡೆ, ಅದರಿಂದ ಹೊರಗೆ ಚಾಚಿದ ಒಂದು ಕಬ್ಬಿಣದ ಕೈ. ಗಡ್ಡೆಯ ಹೊಟ್ಟೆಯಲ್ಲಿ ಎಣ್ಣೆ. ಗಾಲಿ ತಗ್ಗಿಗೆ ಬಿದ್ದು ಎದ್ದಾಗ ಆ ಕೈ ಮೇಲೆ ಕೆಳಗೆ ಆಡುತ್ತದೆ, ಒಳಗಿನ ಎಣ್ಣೆ ಒಂದು ಸಣ್ಣ ತೂತಿನಿಂದ ಹಿಂಡಿಕೊಂಡು ಆಚೆ ಹೋಗಬೇಕಾಗುತ್ತದೆ. ಬೇಗ ಹೋಗಲು ಆಗುವುದಿಲ್ಲ. ಅದಕ್ಕೇ ಗಾಡಿ ಒಮ್ಮೆ ಎದ್ದು ಕೂತುಬಿಡುತ್ತದೆ, ಕುಣಿಯುವುದಿಲ್ಲ. ಎಣ್ಣೆ ಮತ್ತು ತೂತು, ಇವೆರಡು ಬಿಟ್ಟು ಅದರಲ್ಲಿ ಬೇರೇನೂ ಇಲ್ಲ.

ಅಂಥ ಕಾರುಗಳು ಆಗಲೇ ಮುದಿಯಾಗಿದ್ದವು. ದೊಡ್ಡ ಊರುಗಳಿಗೆ ಬೇಡವಾಗಿ ನಮ್ಮ ಕಡೆ ಬಂದು ಬಾಡಿಗೆಗೆ ಓಡುತ್ತಿದ್ದವು. ಬನಹಟ್ಟಿ, ತೇರದಾಳ, ಬೀಳಗಿ ಎಲ್ಲ ಕಡೆಯ ಡ್ರೈವರುಗಳು ನಮ್ಮಲ್ಲಿಗೆ ಬರುತ್ತಿದ್ದರು. ಶಾಕಪ್ಸರಿಗೆ ಹಾಕುವ ಎಣ್ಣೆ ಡಬ್ಬಿಯಲ್ಲಿ ಹುಬ್ಬಳ್ಳಿಯಿಂದ ಬರಬೇಕು, ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಒಮ್ಮೆ ಹೀಗೆ ಗಾಡಿಗಳು ಸಾಲಾಗಿ ನಿಂತಾಗ, ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಹಾಕಿ ನೋಡಿ ಎಂದು ನಾನೇ ಹೇಳಿದೆ.

ಎತ್ತಿನ ಗಾಡಿಯ ಅಚ್ಚಿಗೆ ನಮ್ಮವರು ಮೊದಲಿನಿಂದ ಔಡಲ ಎಣ್ಣೆಯನ್ನೇ ಕೀಲೆಣ್ಣೆ ಮಾಡಿ ಹಾಕಿದವರು. ಎಣ್ಣೆ ದಪ್ಪ ಇದ್ದಷ್ಟೂ ಅಚ್ಚಿಗೆ ಒಳ್ಳೆಯದು, ಸೋರುವುದಿಲ್ಲ, ಹಿಡಿದುಕೊಂಡು ಕೂರುತ್ತದೆ. ಅಚ್ಚಿಗೆ ಒಳ್ಳೆಯದಾದದ್ದು ಶಾಕಪ್ಸರಿಗೂ ಒಳ್ಳೆಯದು ಎಂದು ನಾನು ತಿಳಿದೆ. ನನ್ನ ಗಂಡನೂ ಹಾಗೇ ತಿಳಿದ. ಡ್ರೈವರುಗಳೂ ಹಾಗೇ ತಿಳಿದರು, ಅವರೆಲ್ಲ ಮನೆಯಲ್ಲಿ ಎತ್ತಿನ ಗಾಡಿ ಇದ್ದವರೇ.

ಎಣ್ಣೆ ತೆಗೆಯುವುದು ನನ್ನ ಕೆಲಸವಾಯಿತು. ಔಡಲ ಬೀಜ ಹುರಿದು, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆದು, ಅದರಲ್ಲಿ ಉಳಿದ ನೀರು ಹಾರುವ ತನಕ ಮತ್ತೆ ಕಾಯಿಸಬೇಕು. ನಾನು ಹೆಚ್ಚೇ ಕಾಯಿಸುತ್ತಿದ್ದೆ. ಜೇನಿನಷ್ಟು ದಪ್ಪವಾಗುತ್ತಿತ್ತು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ ಡ್ರೈವರುಗಳು ಅದಕ್ಕೆ ವೈನಿಯ ಎಣ್ಣೆ ಎಂದು ಹೆಸರಿಟ್ಟರು. ಹುಬ್ಬಳ್ಳಿಯ ಡಬ್ಬಿ ಬಂದಾಗಲೂ ಅದೇ ಬೇಕು ಎನ್ನತೊಡಗಿದರು. ನನಗೆ ಸೊಕ್ಕು ಬಂತು. ಇನ್ನೂ ದಪ್ಪ ಮಾಡಿದೆ.

ಅಷ್ಟು ದಪ್ಪ ಮಾಡಿದ ಮೇಲೆ, ಬೆಳಿಗ್ಗೆ ಹೊತ್ತು ಗಾಡಿ ಬಿಗಿದುಕೊಂಡು ಎತ್ತಿ ಎತ್ತಿ ಹಾಕುತ್ತದೆ, ಸೊಂಟ ಹೋಗುತ್ತದೆ ಎಂದು ಎರಡು ಮೂರು ಮಂದಿ ದೂರಿದರು. ನನ್ನ ಗಂಡ ಎಣ್ಣೆ ಬದಲಿಸಲಿಲ್ಲ. ಗಡ್ಡೆ ಬಿಚ್ಚಿ ಒಳಗಿನ ತೂತನ್ನೇ ಒಂದಿಷ್ಟು ದೊಡ್ಡದು ಮಾಡಿದ. ಬಂದ ಗಾಡಿಗೆಲ್ಲ ಹಾಗೆ ಮಾಡುತ್ತ ಹೋದ. ಕೊರೆಯುವಾಗ ಗಡ್ಡೆ ಅಲುಗಾಡದಂತೆ ಹಿಡಿದವಳು ನಾನು. ಕೊರೆದು, ಎಣ್ಣೆ ತುಂಬಿಸಿ, ಕಬ್ಬಿಣದ ಕೈಯನ್ನು ಎರಡೂ ಕೈಯಿಂದ ಒತ್ತಿ ನೋಡುತ್ತಿದ್ದ. ಹದವಾಗಿ ಇಳಿದರೆ ಆಯಿತು, ಗಾಡಿಗೆ ಕೂರಿಸುತ್ತಿದ್ದ. ಇದೆಲ್ಲ ಬೆಳಿಗ್ಗೆ ಎಂಟರೊಳಗೆ. ಬಿಸಿಲೇರಿದ ಮೇಲೆ ಆ ತಗಡಿನ ಕೆಳಗೆ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಒಬ್ಬರೂ ಅದನ್ನು ಮಧ್ಯಾಹ್ನ ಒತ್ತಿ ನೋಡಿರಲಿಲ್ಲ.

ಬರುತ್ತಿದ್ದ ಡ್ರೈವರುಗಳಲ್ಲಿ ಒಬ್ಬ ಬನಹಟ್ಟಿಯ ಹತ್ತಿರದ ಹಳ್ಳಿಯವನು. ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಅವನೊಬ್ಬ ಕುರಿ ಬಿಟ್ಟು ಸ್ಟೇರಿಂಗ್ ಹಿಡಿದಿದ್ದ. ಕುಡಿತವಿಲ್ಲ, ಬೀಡಿಯಿಲ್ಲ, ಎಲೆಯಡಿಕೆಯೂ ಇಲ್ಲ. ಆ ಬೇಸಿಗೆಯಲ್ಲಿ ಒಂದು ದಿನ ಬಂದು, ನಾನು ಔಡಲ ಕುಟ್ಟುತ್ತಿದ್ದ ಕಡೆಗೇ ಬಂದು ನಿಂತ.

“ವೈನಿ, ಮುಂಜಾನಿ ಗಾಡಿ ಛಲೋ ಹೋಗ್ತೈತಿ. ಹೊತ್ತು ಏರಿದ ಮ್ಯಾಲ ಕುಣ್ಯಾಕ ಹತ್ತತೈತಿ. ಹಿಡದ್ರ ನಿಲ್ಲವಲ್ದು.”

ನಾಲ್ಕೈದು ಡ್ರೈವರುಗಳು ನೆರಳಿಗೆ ಕೂತಿದ್ದರು. ನನ್ನ ಎಣ್ಣೆಗೆ ಅವರ ಮುಂದೆ ಹೆಸರಿಟ್ಟು ಹುಳುಕು ತೆಗೆದದ್ದು ನನಗೆ ಸೇರಲಿಲ್ಲ.

“ಉಂಡು ನಿದ್ದಿಗಣ್ಣಾಗ ಹೊಡದ್ರ ಗಾಡಿ ಏನು, ರೋಡೂ ಕುಣೀತೈತಿ. ಮಕ ತೊಳಕೋ ಹೋಗು.”

ಎಲ್ಲರೂ ನಕ್ಕರು. ಅವನೂ ನಕ್ಕ. ನಿಮ್ಮ ಎಣ್ಣೆಗೆ ಹೆಸರಿಡುವ ಎದೆ ನಮಗೆಲ್ಲಿದೆ ಎಂದು ಹೇಳಿ, ಹೋಗಿ ತೊಟ್ಟಿಯ ನೀರಿನಲ್ಲಿ ಖರೆಯೇ ಮುಖ ತೊಳೆದುಕೊಂಡ. ಅಂದಿನಿಂದ ಬಾಡಿಗೆ ಗಾಡಿಗಳ ಸ್ಟ್ಯಾಂಡಿನಲ್ಲಿ ಅವನನ್ನು ನಿದ್ದಿಗಣ್ಣ ಎಂದೇ ಕರೆದರು.

ಹದಿನೈದು ದಿನಕ್ಕೆ ಅವನ ಗಾಡಿ ಬಿತ್ತು. ಬನಹಟ್ಟಿಯ ಒಂದು ಮನೆಯವರು ಹುಡುಗಿ ನೋಡಲು ಬೀಳಗಿಯ ಕಡೆ ಹೋಗಿದ್ದರು. ಬೆಳಿಗ್ಗೆ ತಂಪಿನಲ್ಲಿ ಹೋಗಿ, ಊಟ ಮುಗಿಸಿ, ಉರಿಬಿಸಿಲಿನಲ್ಲಿ ಹೊರಳಿ ಬರುತ್ತಿದ್ದರು. ಎರೆಭೂಮಿಯ ರಸ್ತೆ, ಒಂದು ಕಡೆ ಕುಸಿದು ಒಂದು ಕಡೆ ಉಬ್ಬಿ ತೆರೆಯ ಹಾಗೆ ಇರುತ್ತದೆ. ಒಂದು ಉಬ್ಬಿಗೆ ಎದ್ದ ಗಾಡಿ ಕೂರುವ ಮೊದಲೇ ಎರಡನೆಯದು ಬಂತು, ಅದರಿಂದ ಎದ್ದದ್ದು ಮೂರನೆಯದಕ್ಕೆ ಇನ್ನೂ ಮೇಲೆ ಎದ್ದಿತು. ಮುಂದಿನ ಗಾಲಿ ನೆಲ ಬಿಟ್ಟಾಗ ಸ್ಟೇರಿಂಗ್ ತಿರುಗಿಸಿದರೆ ಏನಾಗುತ್ತದೆ? ಗಾಡಿ ಹಳ್ಳದ ಸೇತುವೆಯ ಮೋಟುಗೋಡೆಗೆ ಬಡಿದು ಮಗುಚಿತು. ಬಾಗಿಲ ಕಡೆ ಕೂತಿದ್ದ ಸೊಸೆ ಅಲ್ಲೇ ಸತ್ತಳು. ಮೂರು ಮಕ್ಕಳ ತಾಯಿ. ಅತ್ತೆಯ ತೋಳು ಮುರಿಯಿತು. ಉಳಿದವರು ರಕ್ತ ಸುರಿಸಿಕೊಂಡು ಎದ್ದರು.

ಗಾಡಿ ತಪಾಸಣೆ ಮಾಡಿದವರು ಬ್ರೇಕು ನೋಡಿದರು, ಸರಿಯಿತ್ತು. ಸ್ಟೇರಿಂಗ್ ನೋಡಿದರು, ಅದೂ ಸರಿಯಿತ್ತು. ಅವರಲ್ಲಿ ಒಬ್ಬರು ಶಾಕಪ್ಸರಿನ ಕೈಯನ್ನೂ ಒತ್ತಿ ನೋಡಿದರಂತೆ. ಬೆಳಿಗ್ಗೆ ಏಳು ಗಂಟೆ. ಗಟ್ಟಿಯಾಗಿತ್ತು.

ಆಮೇಲೆ ಮುರಿದ ಗಾಡಿಯನ್ನು ಎಳೆದು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಹಸಿರು ಬಳೆಯ ಚೂರು, ಉತ್ತತ್ತಿ, ಒಣಗಿದ ಹೂವು. ಗುಡಿಸಿ ತಿಪ್ಪೆಗೆ ಹಾಕಿದೆ. ಇಟ್ಟುಕೊಂಡು ಏನು ಮಾಡುವುದು?

ಗಾಡಿ ಸರಿಯಿದ್ದರೆ ತಪ್ಪು ಡ್ರೈವರನದು. ಸ್ಟ್ಯಾಂಡಿನವರು, ಅವನಿಗೆ ಮಧ್ಯಾಹ್ನ ನಿದ್ದೆ ಹತ್ತುತ್ತಿತ್ತು, ನಮಗೆ ಮೊದಲೇ ಗೊತ್ತಿತ್ತು ಎಂದರು. ನನ್ನ ಮಾತಿಗೆ ನಕ್ಕವರೇ ಅವರು. ಅವನ ಅಡ್ಡಹೆಸರು ಬನಹಟ್ಟಿಗೆ ಹೋಗಿ ಮುಟ್ಟಿತು. ಸತ್ತವಳ ಮನೆಯವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಎರಡೂ ಮನೆಯವರು ಬೀರೇಶ್ವರನ ಒಕ್ಕಲು. ಹಿರಿಯರು ಕೂತು ಒಂದು ಮಾತಿಗೆ ಬಂದರು. ಅಮಾವಾಸ್ಯೆಯ ದಿನ ಅವನ ಊರಿನ ಗುಡಿಯಲ್ಲಿ ಅವನು ಭಂಡಾರದ ಮೇಲೆ ಕೈ ಇಟ್ಟು, ನನ್ನ ಕಣ್ಣು ಮುಚ್ಚಿರಲಿಲ್ಲ ಎಂದು ಹೇಳಬೇಕು. ಭಂಡಾರ ಎಂದರೆ ದೇವರ ಅರಿಷಿಣದ ಪುಡಿ. ಆ ಮನೆತನಗಳಲ್ಲಿ ಅದನ್ನು ಮುಟ್ಟಿ ಸುಳ್ಳು ಹೇಳಿದವರನ್ನು ನಾನು ಕಂಡಿಲ್ಲ, ಕೇಳಿಲ್ಲ. ಅವನು ಮುಟ್ಟಿದರೆ ಸತ್ತವಳ ಮನೆಯವರು ಕೋರ್ಟಿನಲ್ಲಿ ಅವನ ಮೇಲೆ ಮಾತಾಡುವುದಿಲ್ಲ. ಕೈ ಹಿಂದೆ ತೆಗೆದರೆ ಗಾಡಿಯಲ್ಲಿದ್ದ ಐದೂ ಮಂದಿ, ಮಲಗಿದ್ದ ಎಂದು ಹೇಳುತ್ತಾರೆ, ಅವನು ಜೇಲಿಗೆ ಹೋಗುತ್ತಾನೆ. ಜೇಲು ಮುಗಿಸಿ ಬಂದ ಮೇಲೂ ಊರು ಅವನನ್ನು ಕೊಂದವನು ಎಂದೇ ನೋಡುತ್ತದೆ.

ಮುಟ್ಟುತ್ತಾನೆ ಎಂದೇ ನಾನು ತಿಳಿದಿದ್ದೆ. ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಅವನು ನಮ್ಮಲ್ಲಿಗೆ ಬಂದ. ನನ್ನ ಗಂಡ ಸಾಮಾನು ತರಲು ಮುಧೋಳಕ್ಕೆ ಹೋಗಿದ್ದ. ಡ್ರೈವರು ಕಂಬಕ್ಕೆ ಒರಗಿ ಕುಕ್ಕರಗಾಲಿನಲ್ಲಿ ಕೂತ. ಕೊಟ್ಟ ಚಹಾ ಆರಿಹೋಯಿತು, ಮುಟ್ಟಲಿಲ್ಲ.

“ನಾಳೆ ನಾ ಭಂಡಾರಾ ಮುಟ್ಟೂದಿಲ್ಲ ವೈನಿ.”

“ಯಾಕ? ಮಕ್ಕೊಂಡಿದ್ದೇನು?”

“ಇಲ್ಲಂತ ಅನಸ್ತೈತಿ. ಆದ್ರ ಗಾಡಿ ತಪಾಸ ಮಾಡ್ಯಾರ, ಛಲೋ ಐತಿ ಅಂದಾರ. ಗಾಡಿ ಛಲೋ ಇದ್ರ ನನ್ನ ಕಣ್ಣ ಮುಚ್ಚಿರಬೇಕಲ್ಲ? ಎಲ್ಲಾರೂ ಅಂದ್ರ ನನಗೂ ಹಂಗಽ ಅನಸಾಕತ್ತೈತಿ. ಖರೇ ಗೊತ್ತಿಲ್ಲದ ದೇವರ ಮ್ಯಾಲ ಕೈ ಹ್ಯಾಂಗ ಇಡ್ಲಿ?”

ಅವನು ಎದ್ದ. ಹೋಗುವಾಗ, ಚುಚ್ಚಲು ಅಲ್ಲ, ಖರೆಯೇ ಮನಸ್ಸಿನಿಂದ ಒಂದು ಮಾತು ಹೇಳಿದ.

“ನೀವು ಮೊದಲಽ ಹೇಳಿದ್ರಿ. ನಾ ಅವತ್ತೂ ಮಕ ತೊಳಕೊಂಡ ಹೋಗಬೇಕಾಗಿತ್ತು.”

ಅವನು ಹೋದ ಮೇಲೆ ನಾನು ಕೆಲಸ ನೋಡಿದೆ. ಅಳುತ್ತ ಕೂರುವ ಜಾತಿಯಲ್ಲ ನಾನು. ಊಟದ ಹೊತ್ತಿಗೆ ಪಕ್ಕದ ಮನೆಯ ಬಾಣಂತಿ ಕೂಸಿನ ನೆತ್ತಿಗೆ ಹಚ್ಚಲು ಎಣ್ಣೆ ಕೇಳಿ ಕಳಿಸಿದಳು. ಅಂಗಳದಲ್ಲಿ ಬಿಸಿಲಿಗೆ ಇಟ್ಟಿದ್ದ ಗಡಿಗೆಯನ್ನು ಎತ್ತಿ ಸಣ್ಣ ಸೀಸೆಗೆ ಬಗ್ಗಿಸಿದೆ. ನಾನು ದಿನಾ ಎಣ್ಣೆ ಸುರಿಯುವುದು ಬೆಳಿಗ್ಗೆ. ಗಡಿಗೆ ಬಗ್ಗಿಸಿದರೆ ಅದು ಎಳೆಯಾಗಿ ಸಾವಕಾಶ ಇಳಿಯುತ್ತದೆ, ಕೈಗೆ ಆ ರೂಢಿ. ಅಂದು ಬಗ್ಗಿಸಿದ ತಕ್ಷಣ ದಬಕ್ಕನೆ ಸುರಿದು, ಸೀಸೆ ತುಂಬಿ, ನನ್ನ ಪಾದದ ಮೇಲೆ ಚೆಲ್ಲಿತು.

ನಾನು ಕಾಲು ನೋಡುತ್ತ ನಿಂತೆ.

ನಮ್ಮ ಸೀಮೆ ಬೆಲ್ಲದ ಸೀಮೆ. ಗಾಣದ ಮನೆಯಲ್ಲಿ ಕೊಪ್ಪರಿಗೆಯ ಪಾಕ ಬಿಸಿಯಿದ್ದಾಗ ಹರಿದಾಡುತ್ತದೆ, ಆರಿದರೆ ಸುತ್ತಿಗೆಯಿಂದ ಒಡೆಯಬೇಕು. ಮೂರು ವರ್ಷದ ಕೂಸಿಗೂ ಅದು ಗೊತ್ತು. ನನಗೂ ಗೊತ್ತಿತ್ತು. ಬೆಲ್ಲದ ವಿಷಯದಲ್ಲಿ ಗೊತ್ತಿದ್ದದ್ದು ಎಣ್ಣೆಯ ವಿಷಯದಲ್ಲಿ ತಲೆಗೆ ಹೊಳೆಯಲಿಲ್ಲ.

ಚೆಲ್ಲಿದ್ದನ್ನು ನೋಡಿ ಒಂದು ಸಂಶಯ ಬಂತೇ ಹೊರತು ಅದರಿಂದ ಏನೂ ಖಚಿತವಾಗಲಿಲ್ಲ. ಎಷ್ಟು ತೆಳುವಾಗುತ್ತದೆ ಎಂದು ಅಳೆಯಬೇಕಿತ್ತು. ಶರಬತ್ತಿನ ಉದ್ದ ಗಾಜಿನ ಸೀಸೆ ಒಂದಿತ್ತು. ನೀರಿನ ಗಡಿಗೆಯ ಮಗ್ಗುಲಿಗೆ ತಂಪಿನಲ್ಲಿ ಇಟ್ಟಿದ್ದ ಎಣ್ಣೆಯನ್ನು ಅದರ ತುಂಬ ಹಾಕಿದೆ. ಮೊದಲು ಸೈಕಲ್ಲಿನ ಬೇರಿಂಗಿನ ಗುಂಡು ಬಿಟ್ಟೆ. ಭಾರ ಹೆಚ್ಚಾಗಿ, ಎಣಿಸುವ ಮೊದಲೇ ತಳ ಸೇರಿತು. ಆಮೇಲೆ ಕರಿಮಣಿ ಹುಡುಕಿದೆ. ಕೊರಳಿನದಲ್ಲ, ಪೋಣಿಸಿ ಉಳಿದವು ಡಬ್ಬಿಯಲ್ಲಿದ್ದವು. ಒಂದು ಮಣಿ ಬಿಟ್ಟೆ. ಹಳದಿ ಎಣ್ಣೆಯಲ್ಲಿ ಕಪ್ಪು ಚುಕ್ಕೆ ಸಾವಕಾಶ ಇಳಿಯುವುದು ಚೆನ್ನಾಗಿ ಕಾಣುತ್ತಿತ್ತು.

ಮನೆಯಲ್ಲಿ ಗಡಿಯಾರವಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ನನ್ನ ತವರು ರಬಕವಿ. ಮದುವೆಯಾಗುವ ತನಕ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವಳು. ಒಂದು ತುಳಿತಕ್ಕೆ ಒಂದು ಲಾಳಿ ಆ ಕಡೆಗೆ, ಇನ್ನೊಂದು ತುಳಿತಕ್ಕೆ ಈ ಕಡೆಗೆ. ಆ ತಾಳ ಕಾಲಿನಲ್ಲಿ ಕೂತುಬಿಟ್ಟಿದೆ, ಇಂದಿಗೂ ತಪ್ಪುವುದಿಲ್ಲ. ಸೀಸೆಯ ಮುಂದೆ ಕೂತು ನೆಲ ತುಳಿಯುತ್ತ ಎಣಿಸಿದೆ. ಮಣಿ ತಳ ಮುಟ್ಟಲು ಇಪ್ಪತ್ತೆರಡು ಲಾಳಿ. ಒಲೆಯ ಇದ್ದಿಲಿನಿಂದ ಗೋಡೆಯ ಮೇಲೆ ಇಪ್ಪತ್ತೆರಡು ಗೆರೆ ಎಳೆದೆ.

ಇನ್ನು ಬಿಸಿಯದು. ಆದರೆ ಎಷ್ಟು ಬಿಸಿ? ಗಾಡಿಯಲ್ಲಿ ಅದು ಎಷ್ಟು ಕಾಯುತ್ತದೆಂದು ತಿಳಿಯದೆ ಮನಸ್ಸಿಗೆ ಬಂದಷ್ಟು ಕಾಯಿಸಿ ನೋಡಿದರೆ ಅದು ಸುಳ್ಳು ಲೆಕ್ಕ. ಕಾಯುತ್ತ ಕೂತೆ. ಎರಡು ಗಂಟೆಯ ಸುಮಾರಿಗೆ ತೇರದಾಳದ ಬಾಡಿಗೆ ಕಾರು ಬಂದು ಬೇವಿನ ನೆರಳಿಗೆ ನಿಂತಿತು. ಡ್ರೈವರು ಬುತ್ತಿ ಬಿಚ್ಚಿದ. ನಾನು ಮುಂದಿನ ಗಾಲಿಯ ಹಿಂದೆ ಮೊಳಕಾಲೂರಿ ಕೈ ಹಾಕಿ ಗಡ್ಡೆಯನ್ನು ಹಿಡಿದೆ. ಎರಡು ಲಾಳಿಯ ಹೊತ್ತು ಹಿಡಿಯಲಾಯಿತು, ಮೂರನೆಯದಕ್ಕೆ ಕೈ ತಾನೇ ಹಿಂದೆ ಬಂತು.

“ಯಾಕ್ರೀ ವೈನಿ, ಗಾಡಿಗಿ ಕಾಲ ಬೀಳಾಕತ್ತೀರಿ?” ಎಂದು ಅವನು ರೊಟ್ಟಿ ಅಗಿಯುತ್ತ ಕೇಳಿದ. ನಾನು ಎದ್ದು ಒಳಗೆ ಹೋದೆ.

ಸೀಸೆಯನ್ನು ತಣ್ಣೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಪಾತ್ರೆಯನ್ನು ಒಲೆಯ ಮೇಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿದೆ. ಗಾಜು ಒಡೆಯಬಾರದಲ್ಲ. ಆಗಾಗ ನೀರಿನಲ್ಲಿ ಕೈ ಅದ್ದಿದೆ. ಅದೇ ಕೈ. ಎರಡು ಲಾಳಿ ತಾಳಿ, ಮೂರನೆಯದಕ್ಕೆ ಹಿಂದೆ ಬರುವ ಹದಕ್ಕೆ ಬಂದಾಗ ಉರಿ ತೆಗೆದೆ. ಒಳಗಿನ ಎಣ್ಣೆಗೂ ಅಷ್ಟೇ ಬಿಸಿ ಹತ್ತಲಿ ಎಂದು ಇನ್ನಷ್ಟು ಹೊತ್ತು ಬಿಟ್ಟು, ಮಣಿ ಹಾಕಿದೆ.

ನಾಲ್ಕು ಲಾಳಿ.

ನಂಬಿಕೆಯಾಗದೆ ಇನ್ನೊಂದು ಮಣಿ ಹಾಕಿದೆ. ನಾಲ್ಕು. ಮೂರನೆಯದೂ ನಾಲ್ಕು. ಇಪ್ಪತ್ತೆರಡು ಗೆರೆಯ ಕೆಳಗೆ ನಾಲ್ಕು ಗೆರೆ ಎಳೆದು ಹಿಂದೆ ಸರಿದು ನೋಡಿದೆ. ಓದು ಬರಹ ಬೇಕಾಗಿರಲಿಲ್ಲ, ಕುರುಡರಿಗೂ ಕಾಣುವಂತಿತ್ತು. ಇಪ್ಪತ್ತೆರಡರ ಎಣ್ಣೆಗೆ ಹದ ನೋಡಿ ತೂತು ದೊಡ್ಡದು ಮಾಡಿದ್ದೆವು. ನಾಲ್ಕರ ಎಣ್ಣೆಗೆ ಆ ತೂತು ಊರ ಅಗಸೆಬಾಗಿಲು.

ಇನ್ನೊಂದು ನೋಡುವುದಿತ್ತು. ಅಂಗಳದ ಮುರಿದ ಗಾಡಿಯಿಂದ ಒಂದು ಶಾಕಪ್ಸರ್ ಬಿಚ್ಚಿದೆ. ನಟ್ಟು ಬಿಚ್ಚುವ ಪಾನಾ ಹಿಡಿಯಲು ನನಗೆ ಬರುತ್ತಿತ್ತು. ಮನೆಯೊಳಗೆ ತಂಪಿನಲ್ಲಿ ಆರಲು ಬಿಟ್ಟು, ನೆಲಕ್ಕಿಟ್ಟ ಗಡ್ಡೆಯ ಮೇಲೆ ಕಾಲು ಇಟ್ಟು, ಅದರ ಕೈ ಒತ್ತಿದೆ. ಮೈಭಾರ ಹಾಕಿದರೆ ಸಾವಕಾಶ ಇಳಿಯಿತು. ಆಮೇಲೆ ಅದನ್ನು ಸ್ನಾನದ ಹಂಡೆಯ ಬಿಸಿನೀರಿನಲ್ಲಿ ಮುಳುಗಿಸಿ, ಅದೇ ಹದಕ್ಕೆ ಕಾಯಿಸಿ, ಹೊರಗೆ ತೆಗೆದೆ. ಕಬ್ಬಿಣದ ಕೈಯನ್ನು ಮೇಲೆ ಎತ್ತಿ ಬಿಟ್ಟೆ. ನಾನು ಒತ್ತಲೇ ಇಲ್ಲ. ಕುತ್ತಿಗೆ ಮುರಿದ ಕೋಳಿಯ ತಲೆಯ ಹಾಗೆ ಅದು ತಾನೇ ಬಿತ್ತು.

ಬೆಳಿಗ್ಗೆ ಚೆನ್ನಾಗಿ ಹೋಗುತ್ತದೆ, ಹೊತ್ತೇರಿದ ಮೇಲೆ ಕುಣಿಯುತ್ತದೆ ಎಂದು ಅವನು ನನ್ನ ಮುಂದೆ ಬಂದು ಹೇಳಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ.

ಹೊತ್ತು ಮುಳುಗುವ ಮೊದಲೇ ನನ್ನ ಗಂಡ ಬಂದ. ಗೋಡೆಯ ಗೆರೆ, ಸೀಸೆಯ ತಳದ ಮಣಿ, ಹಂಡೆ ಎಲ್ಲ ನೋಡಿದ. ಇದೇನು ಎಂದು ಕೇಳಿದ. ನಾನು ಶಾಕಪ್ಸರನ್ನು ಮತ್ತೊಮ್ಮೆ ಬಿಸಿನೀರಿನಿಂದ ತೆಗೆದು ಅವನ ಕಾಲ ಬುಡಕ್ಕೆ ಇಟ್ಟೆ. ಅವನು ಅದರ ಕೈ ಎತ್ತಿದ, ಬಿದ್ದಿತು. ಮತ್ತೆ ಎತ್ತಿದ. ಮತ್ತೆ ಎತ್ತಿದ. ಬುದ್ಧಿವಂತ, ನಾನು ಒಂದು ಮಾತೂ ಬಿಡಿಸಿ ಹೇಳಬೇಕಾಗಲಿಲ್ಲ. ಅರಿವೆಯಿಂದ ಕೈ ಒರೆಸಿಕೊಂಡ.

“ನಾಳೆ ಗುಡಿಗಿ ಹೋಗಾಕಿಯೇನು?” ಎಂದ.

“ಹೋಗ್ತೀನ್ರಿ.”

“ಎಣ್ಣಿ ಅಂತ ಹೇಳು. ತೂತಿನ ಮಾತು ತಗೀಬ್ಯಾಡ.”

“ಭಂಡಾರದ ಮ್ಯಾಲ ಕೈ ಇಟ್ಟು ಅರ್ಧಾ ಹೇಳಾಕ ಬರತೈತೇನ್ರಿ?”

“ಎಣ್ಣಿಗಿ ಯಾರನ್ನೂ ಹಿಡಕೊಂಡ ಹೋಗೂದಿಲ್ಲ. ತೂತು ನಾ ಕೈಯಾರೆ ಕೊರದದ್ದು. ತಿಳಿತೈತಿಲ್ಲೋ ನಿನಗ?”

ತಿಳಿಯುತ್ತಿತ್ತು. ಅವನು ಎದ್ದು ಸೈಕಲ್ ಹತ್ತಿ ಸ್ಟ್ಯಾಂಡಿಗೆ ಹೋದ. ನಮ್ಮ ಎಣ್ಣೆ ಹಾಕಿದ ಗಾಡಿಗಳ ಡ್ರೈವರುಗಳನ್ನು ಹುಡುಕಿ, ಶಾಕಪ್ಸರ್ ಬದಲಿಸುವುದಿದೆ, ನಾಳೆ ಗಾಡಿ ಹೊರಗೆ ತೆಗೆಯಬೇಡಿ ಎಂದು ಹೇಳಿ ಬಂದ. ಯಾಕೆ ಎಂದು ಮಾತ್ರ ಹೇಳಲಿಲ್ಲ. ಅಷ್ಟು ಮಾಡಿದ, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಊರಲ್ಲಿ ಇಲ್ಲದವರಿಗೆ ಮಾರನೆಯ ದಿನ ಹುಡುಕಿ ಹೇಳಿದ. ಆ ಎಣ್ಣೆಯಿಂದ ಮತ್ತೆ ಯಾರೂ ಸಾಯಲಿಲ್ಲ.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಗಂಡನನ್ನು ಠಾಣೆಗೆ ಕರೆದರು, ಕೂರಿಸಿದರು, ಬಿಟ್ಟರು, ಮತ್ತೆ ಕರೆದರು. ಜೇಲಿಗೆ ಹಾಕಲಿಲ್ಲ. ಗ್ಯಾರೇಜಿಗೆ ಯಾರೂ ಬರದಾದರು. ಅವನು ಬನಹಟ್ಟಿಗೆ ಹೋಗಿ ಪವರ್‌ಲೂಮಿನ ಮೋಟಾರು ರಿಪೇರಿಗೆ ನಿಂತ. ಸತ್ತವಳ ಊರಿನಲ್ಲೇ ಅವನಿಗೆ ಅನ್ನ ಹುಟ್ಟಿತು, ಅದೂ ಒಂದು ಶಿಕ್ಷೆಯೇ. ಒಂದು ವರ್ಷ ನನ್ನ ಜೊತೆ ನೇರ ಮಾತಾಡಲಿಲ್ಲ. ಆಮೇಲೆ ಮಾತಾಡಿದ, ಆದರೆ ಮೊದಲಿನ ಹಾಗೆ ಯಾವತ್ತೂ ಅಲ್ಲ. ಅವನು ಸತ್ತು ಹನ್ನೊಂದು ವರ್ಷವಾಯಿತು. ಆ ಡ್ರೈವರನ ಕೇಸು ಬಹಳ ದಿನ ನಡೆದು ಬಿಟ್ಟುಹೋಯಿತು. ಅವನು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ, ಕುರಿಯ ಹಿಂದೆ ಹೋದ. ಹಿಂಡು ಹೊಡೆದುಕೊಂಡು ಈ ಕಡೆ ಬಂದರೆ ನಮ್ಮ ಬಾಗಿಲಿಗೆ ಬಂದು ನೀರು ಕುಡಿದು ಹೋಗುತ್ತಾನೆ. ಅವನಿಗೂ ಈಗ ಹಲ್ಲಿಲ್ಲ. ಮಳೆ ಮೇವಿನ ಮಾತಾಡುತ್ತೇವೆ, ಗಾಡಿಯ ಮಾತು ಎತ್ತುವುದಿಲ್ಲ. ಸತ್ತವಳ ಅತ್ತೆ ಬನಹಟ್ಟಿಯ ಸಂತೆಯಲ್ಲಿ ಒಮ್ಮೆ ಎದುರಾಗಿ ನನ್ನ ಮುಖಕ್ಕೆ ಉಗುಳಿದಳು. ಸೆರಗಿನಿಂದ ಒರೆಸಿಕೊಂಡೆ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮಾರನೆಯ ದಿನ, ಅಮಾವಾಸ್ಯೆಯ ಬೆಳಿಗ್ಗೆ, ನಾನು ಶಾಕಪ್ಸರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬನಹಟ್ಟಿಯ ಮೊದಲ ಬಸ್ಸು ಹತ್ತಿದೆ. ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎಚ್ಚರವಿದ್ದ, ಉಸಿರಿನಿಂದ ತಿಳಿಯುತ್ತಿತ್ತು. ಬಸ್ಸಿಳಿದು, ಚೀಲ ತಲೆಯ ಮೇಲಿಟ್ಟುಕೊಂಡು ಆ ಹಳ್ಳಿಗೆ ನಡೆದೆ.

ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಒಂದು ಮಗ್ಗುಲಿಗೆ ಬನಹಟ್ಟಿಯವರು, ಅವರ ನಡುವೆ ಕೊರಳಿಗೆ ತೋಳು ಕಟ್ಟಿಕೊಂಡ ಅತ್ತೆ. ಇನ್ನೊಂದು ಮಗ್ಗುಲಿಗೆ ಡ್ರೈವರನ ತಾಯಿ, ಹೆಂಡತಿ. ಭಂಡಾರದ ತಟ್ಟೆಯನ್ನು ಆಗಲೇ ಹೊರಗೆ ತಂದು ಇಟ್ಟಿದ್ದರು. ಮುಂದೆ ಬಾ ಎಂದು ಕರೆದರು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡುತ್ತ ನಿಂತುಬಿಟ್ಟ. ಎರಡನೆಯ ಸಲ ಕರೆದರು. ಅವನ ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ನಾನು ಚೀಲ ಇಳಿಸಿ ಅವನನ್ನು ದಾಟಿ ಮುಂದೆ ಹೋದೆ.

“ನಿಂದೇನು ಬೇ ಇಲ್ಲಿ? ಯಾರ ನೀ?” ಎಂದರು ಒಬ್ಬ ಹಿರಿಯರು.

ತಟ್ಟೆಯಲ್ಲಿ ಕೈ ಊರಿದೆ.

“ಇವಗ ನಿದ್ದಿಗಣ್ಣ ಅಂತ ಹೆಸರಿಟ್ಟಾಕಿ ನಾನು. ಇಂವಾ ಮಲಗಿದ್ದಿಲ್ಲ. ಆ ಗಾಡ್ಯಾಗಿನ ಎಣ್ಣಿ ನಂದು. ಅದರಾಗಿನ ತೂತು ದೊಡ್ಡದು ಮಾಡಿದ್ದು ನಮ್ಮ ಮನ್ಯಾಗ.”

ಸತ್ತವಳ ಮಾವ ಎದ್ದು ಬಂದರು. ಚೀಲ ಬಿಚ್ಚು ಎಂದರು. ಬಿಚ್ಚಿದೆ. ಅವರು ಶಾಕಪ್ಸರಿನ ಕೈಯನ್ನು ಒತ್ತಿ ನೋಡಿದರು. ಬೆಳಗಿನ ಹೊತ್ತು, ತಣ್ಣಗಿತ್ತು, ಗಟ್ಟಿಯಾಗಿಯೇ ಇತ್ತು.

“ಇದು ಛಲೋ ಐತೆಲ್ಲ,” ಎಂದರು.

“ಒಂದು ಹಂಡೆ, ಒಂದು ಕೊಡಾ ನೀರು ಕೊಡಸ್ರಿ,” ಎಂದೆ.

ನೀರು ತಂದವಳು ಡ್ರೈವರನ ತಾಯಿ. ಕಟ್ಟೆಯ ಕೆಳಗೆ, ಎಲ್ಲರಿಗೂ ಕಾಣುವ ಜಾಗ ನೋಡಿ ಮೂರು ಕಲ್ಲು ಹೂಡಿದೆ. ಹಂಡೆ ಇಟ್ಟೆ, ನೀರು ಹಾಕಿದೆ, ಶಾಕಪ್ಸರನ್ನು ಅದರೊಳಗೆ ಇಳಿಸಿದೆ. ಅರಿಷಿಣ ಹತ್ತಿದ ಕೈಯಿಂದಲೇ ಕಡ್ಡಿ ಗೀರಿ ಬೆಂಕಿ ಹಚ್ಚಿದೆ.